ವಿಲಾಯತಿ ಕೋಳಿಯೂ ನಾಗಮ್ಮನ ಡಬ್ಬಿಯೂ

ಹೊಸದಾಗಿ ಅರಣ್ಯ ಇಲಾಖೆಗೆ ಸೇರಿದ ಹುಡುಗರು ನನ್ನನ್ನು ಕಂಡರೆ ಮೊದಲು ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಕಾಲದಾಗ ಹುಲಿ ಇದ್ದವೇನ್ರಿ?" ಹುಲಿಯಂತೆ ಹುಲಿ! ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಒಮ್ಮೆ ನೋಡಿರಪ್ಪಾ. ತೊಗರಿ, ಜೋಳ, ಕಬ್ಬು, ಕೆಂಪು ಕಲ್ಲಿನ ಬೋಳು ದಿಬ್ಬ, ದಿಬ್ಬದ ಮೇಲೆ ನಮ್ಮ ಇಲಾಖೆಯೇ ನೆಟ್ಟು ಮರೆತುಬಿಟ್ಟ ನೀಲಗಿರಿ. ಅಲ್ಲಿಗೆ ಹುಲಿ ಬಂದರೆ ನಮ್ಮ ಹತ್ತಿರ ಛತ್ರಿ ಕೇಳೀತು.

ನಾನು ಕಾದದ್ದು ಮೊಲ, ನರಿ, ಚಿಗರಿ, ನವಿಲು, ಕೌಜುಗ. ಯಾರಿಂದ ಕಾದೆ ಎಂದರೆ, ಹಸಿದವರಿಂದ ಅಲ್ಲ. ಹಸಿದವರು ಒಂದು ಮೊಲ ಹಿಡಿದು, ತಿಂದು, ಹೆದರಿ ಮನೆಯಲ್ಲಿ ಕೂತಿರುತ್ತಾರೆ. ನಾನು ನೌಕರಿಯುದ್ದಕ್ಕೂ ಕಾದದ್ದು ಹೊಟ್ಟೆ ತುಂಬಿದವರಿಂದ. ನೀವೂ ಕಾಯಬೇಕಾಗಿರುವುದು ಅವರಿಂದಲೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ಸಾಹೇಬರು ನನ್ನ ಬೆನ್ನು ತಟ್ಟಿದರು ಎನ್ನುವುದನ್ನು ಇಲ್ಲಿ ಹುಡುಕಬೇಡಿ. ಬೆನ್ನು ತಟ್ಟಿದವರು ಕಡಿಮೆ. ತಟ್ಟಿದವರೂ ಧೂಳು ಝಾಡಿಸಲಿಕ್ಕೆ ತಟ್ಟಿರಬೇಕು.

ನಾನು ಗಾರ್ಡ್ ಆಗಿ ಸೇರಿದಾಗ ಕೈಗೆ ಒಂದು ಬಡಿಗೆ ಕೊಟ್ಟರು, ಒಂದು ಸೀಟಿ ಕೊಟ್ಟರು. ಸೈಕಲ್ಲು ನನ್ನದೇ. ಕೆಲಸದ ಪದ್ಧತಿ ಏನೆಂದರೆ, ಢಂ ಅಂತ ಸಪ್ಪಳ ಬಂದ ಕಡೆ ಸೈಕಲ್ಲು ಹೊಡೆಯುವುದು. ಹೋಗುವಷ್ಟರಲ್ಲಿ ಅಲ್ಲಿ ಜೀಪಿನ ಗಾಲಿಯ ಗುರುತು, ಸಿಗರೇಟಿನ ತುಂಡು, ಒಂದಿಷ್ಟು ಪುಕ್ಕ. ಆಗಿದ್ದ ನಮ್ಮ ಮೇಲಿನ ಸಾಹೇಬರಿಗೆ ಒಂದು ಉಪಾಯ ಹೊಳೆಯಿತು. ದಿಬ್ಬದ ಮೇಲೆಲ್ಲ ತಗಡಿನ ಬೋರ್ಡು ನೆಡಿಸಿದರು: 'ಬೇಟೆ ನಿಷೇಧ'. ಶಿಕಾರಿಯವರಿಗೆ ಎಲ್ಲಿಲ್ಲದ ಖುಷಿ. ಬರುವಾಗ ಒಂದು ಗುಂಡು, ಹೋಗುವಾಗ ಒಂದು ಗುಂಡು ಆ ಬೋರ್ಡಿಗೇ ಹೊಡೆದು ಕೈ ಪಳಗಿಸಿಕೊಂಡರು. ಕೊನೆಗೆ ಆ ಬೋರ್ಡು ಜರಡಿಯಾಯಿತು. ಆದರೂ ಅದು ನನ್ನ ಕೆಲಸಕ್ಕೆ ಬಂತು. ತೂತಿನ ಅಂಚು ಹೊಳೆಯುತ್ತಿದ್ದರೆ ಇಂದೋ ನಿನ್ನೆಯೋ ಬಂದಿದ್ದಾರೆ, ತುಕ್ಕು ಹಿಡಿದಿದ್ದರೆ ಹಳೆಯದು. ಸಾಹೇಬರಿಗೆ ಇದನ್ನು ಹೇಳಿದೆ. "ಬೋರ್ಡಿನಿಂದ ಉಪಯೋಗ ಆಗಿದೆ" ಎಂದು ಮೇಲಕ್ಕೆ ವರದಿ ಕಳಿಸಿದರು.

ಇನ್ನೊಂದು ಸಲ ಘಾಟಬೋರಾಳದ ಹತ್ತಿರ ಪಟ್ಟಣದ ಸಾಹುಕಾರನೊಬ್ಬನನ್ನು ಹಿಡಿದೆ. ಪಂಜರದಲ್ಲಿ ಒಂದು ಗಂಡು ಕೌಜುಗ. ಇದನ್ನು ಬಯಲಲ್ಲಿಟ್ಟರೆ ಕೂಗುತ್ತದೆ, ಕೂಗು ಕೇಳಿ ಬೇರೆ ಕೌಜುಗಗಳು ಜಗಳಕ್ಕೆ ಬರುತ್ತವೆ, ಬಂದವುಗಳನ್ನು ಬಂದೂಕಿನಲ್ಲಿ ಉರುಳಿಸುವುದು. ಹಕ್ಕಿಯನ್ನು ಬಿಟ್ಟುಬಿಡೋಣ ಎಂದೆ. "ಛೇ ಛೇ, ಮುದ್ದೆಮಾಲು ಜೀವಂತ ಹಾಜರಾಗಬೇಕು" ಎಂದರು ಸಾಹೇಬರು. ಸರಿ, ಪಂಜರ ಹೊತ್ತು ಕೋರ್ಟಿಗೆ ಹೋದೆ. ಸಾಹುಕಾರನ ವಕೀಲರು ಎದ್ದು ನಿಂತು "ನಮ್ಮ ಕಕ್ಷಿದಾರರಿಗೂ ಈ ಪಕ್ಷಿಗೂ ಯಾವ ಸಂಬಂಧವೂ ಇಲ್ಲ" ಎಂದು ಬಾಯಿ ತೆರೆದರೋ ಇಲ್ಲವೋ, ಕೌಜುಗ ಕೂಗಲು ಸುರು ಮಾಡಿತು. ವಕೀಲರು ದನಿ ಏರಿಸಿದರು, ಅದೂ ಏರಿಸಿತು. ಅದರ ಲೆಕ್ಕದಲ್ಲಿ ಇನ್ನೊಂದು ಗಂಡು ಜಗಳಕ್ಕೆ ಬಂದಿತ್ತು. ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟು, "ಸಾಕ್ಷಿ ನುಡಿದಾಯ್ತಲ್ಲ, ಹೊರಗೆ ಒಯ್ದು ಬಿಡ್ರಿ ಅದನ್ನ" ಎಂದರು. ಹಕ್ಕಿ ಬಿಡುಗಡೆಯಾಯಿತು. ಸಾಹುಕಾರನೂ ಬಿಡುಗಡೆಯಾದ.

ಆಮೇಲೆ ಮೊಬೈಲು ಬಂತು. ನಮಗಲ್ಲ, ಶಿಕಾರಿಯವರಿಗೆ. ನಾನು ಸೈಕಲ್ಲಿನ ಸ್ಟ್ಯಾಂಡು ತೆಗೆಯುವಷ್ಟರಲ್ಲಿ ದಿಬ್ಬದ ಆಚೆಗೆ ಸುದ್ದಿ ಮುಟ್ಟಿರುತ್ತಿತ್ತು. ಇಲಾಖೆ ನಮಗೆ ಫೋನು ಕೊಡುವ ಹೊತ್ತಿಗೆ ದಿಬ್ಬದಲ್ಲಿ ಮೊಲವೇ ಉಳಿದಿರಲಿಲ್ಲ.

ಇಷ್ಟೂ ಕಳ್ಳ ಶಿಕಾರಿಯ ಮಾತಾಯಿತು. ಕಳ್ಳರಿಗೆ ಕಳ್ಳರೆಂಬ ಅಂಜಿಕೆಯಾದರೂ ಇರುತ್ತದೆ. ನಾನು ಹೇಳಬೇಕೆಂದಿರುವುದು ಹಾಡಹಗಲಲ್ಲಿ, ಕುರ್ಚಿ ಹಾಕಿಸಿಕೊಂಡು, ಚಹಾ ಕುಡಿಯುತ್ತ ಮಾಡಿದ ಶಿಕಾರಿಯ ಕಥೆ.

ಮೋರಖಂಡಿಯ ಕಡೆ ಒಬ್ಬ ದೊಡ್ಡ ಜಮೀನುದಾರರಿದ್ದರು. ಹೆಸರು ಬೇಡ, ಊರೆಲ್ಲ ರಾವಸಾಹೇಬರು ಅನ್ನುತ್ತಿತ್ತು, ನಾನೂ ಹಾಗೇ ಅನ್ನುತ್ತೇನೆ. ಅವರ ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿನ ನವಾಬರ ಜೊತೆ ಶಿಕಾರಿ ಆಡಿದವರಂತೆ. ಅವರ ವಾಡೆಯ, ಅಂದರೆ ಆ ದೊಡ್ಡ ಮನೆಯ, ಪಡಸಾಲೆಯ ಗೋಡೆಯ ತುಂಬ ಕೊಂಬು. ಮೊಮ್ಮಗ ಹೊಡೆದದ್ದು ಮಾತ್ರ ಒಂದೂ ಇಲ್ಲ. ಅದೇ ಅವರಿಗೆ ಹುಣ್ಣಾಗಿತ್ತು. ಹೀಗಿರುವಾಗ ಯಾರೋ ಗೆಳೆಯರ ಜೊತೆ ವಿಲಾಯತಿಗೆ ಹೋಗಿ ಬಂದರು. ಅಲ್ಲಿ ದೊಡ್ಡ ದೊಡ್ಡ ಜಮೀನುದಾರರು ಫೆಸೆಂಟ್ ಅನ್ನುವ ಹಕ್ಕಿಯನ್ನು ಕೋಳಿ ಸಾಕಿದಂತೆ ಸಾಕಿ, ಚಳಿಗಾಲದಲ್ಲಿ ಕಾಡಿಗೆ ಬಿಟ್ಟು, ಆಳುಗಳಿಂದ ಎಬ್ಬಿಸಿ, ಹಾರುವಾಗ ಹೊಡೆಯುತ್ತಾರಂತೆ. ರಾವಸಾಹೇಬರ ತಲೆಯಲ್ಲಿ ಆ ಹಕ್ಕಿ ಬಂದು ಕೂತುಬಿಟ್ಟಿತು.

ಪುಣೆಯ ಕಡೆಯ ಹಕ್ಕಿ ಸಾಕುವವನೊಬ್ಬನಿಂದ ಮರಿಗಳು ಬಂದವು. ಹೊಲದ ಅಂಚಿನಲ್ಲಿ ಮೀನಿನ ಬಲೆ ಹೊದಿಸಿದ ದೊಡ್ಡ ಗೂಡು ಎದ್ದಿತು. ಊರಿನವರು ಅವಕ್ಕೆ ವಿಲಾಯತಿ ಕೋಳಿ ಎಂದು ಹೆಸರಿಟ್ಟರು. ಸುಳ್ಳು ಯಾಕೆ ಹೇಳಲಿ, ಹುಂಜ ನೋಡಲು ಭಾಳ ಚೆಂದ: ತಾಮ್ರದ ಮೈ, ಹಸಿರು ತಲೆ, ಕೆಂಪು ಮುಖ, ಕೊರಳಲ್ಲಿ ಬಿಳಿ ಪಟ್ಟಿ, ಮೊಳದುದ್ದ ಬಾಲ. ಬುದ್ಧಿ ಮಾತ್ರ ದೇವರಿಗೇ ಪ್ರೀತಿ.

ಸುದ್ದಿ ಕೇಳಿ ನಾನು ವಾಡೆಗೆ ಹೋದೆ.

"ಬಾ ಗಾರ್ಡಪ್ಪ, ಹಕ್ಕಿ ನೋಡಾಕ ಬಂದೇನು?" ಎಂದರು ರಾವಸಾಹೇಬರು.

"ಹಕ್ಕಿ ನೋಡೀನ್ರಿ. ಮುಂದ ಏನು ಮಾಡ್ತೀರಂತ ಕೇಳಾಕ ಬಂದೀನಿ."

"ಬಿಡ್ತೀನಿ, ಹೊಡೀತೀನಿ. ನಿಮ್ ಕಾಯ್ದೇದಾಗ ಈ ಹಕ್ಕೀದು ಹೆಸರು ಅದ ಏನು? ತೋರ್ಸು ನೋಡೂಣು. ನನ್ ಕೋಳಿ, ನನ್ ಹೊಲ, ನನ್ ಬಂದೂಕು. ನಡಕ ನಿಂದೇನು?"

"ಕೋಳಿ ಅಂದ್ರ ಬಂದೂಕು ಯಾಕ್ರಿ ರಾವಸಾಹೇಬ್ರ? ಕುಡಗೋಲು ಸಾಕಾಗಂಗಿಲ್ಲೇನ್ರಿ?"

ಅವರ ಮುಖ ಆ ಹುಂಜದ ಮುಖದ ಬಣ್ಣಕ್ಕೇ ಬಂತು. ಸಂಜೆಗೆ ನಮ್ಮ ರೇಂಜರ್ ಸಾಹೇಬರು ನನ್ನನ್ನು ಕರೆಸಿದರು. ಈ ಸಾಹೇಬರು ಮೈಸೂರು ಕಡೆಯವರು, ನಮ್ಮ ಬಿಸಿಲಿಗೆ ಬಂದು ಬಿದ್ದದ್ದು ಯಾವುದೋ ಜನ್ಮದ ಪಾಪ ಎಂದುಕೊಂಡಿದ್ದವರು. "ಏನ್ರೀ ನೀವು! ಸಾಕಿದ ಕೋಳಿಗೆಲ್ಲ ವನ್ಯಜೀವಿ ಕಾಯ್ದೆ ಹಚ್ಚೋಕಾಗುತ್ತಾ? ಅವರು ನಮ್ಮನ್ನೂ ಕರೆದಿದ್ದಾರೆ. ಸುಮ್ಮನೆ ಬಂದು ನಿಂತ್ಕೊಳ್ಳಿ" ಎಂದರು. ಕೋಳಿ ಎಂದು ಅವರೇ ಅಂದರು. ಈ ಮಾತು ನೆನಪಿಡಿ.

ಈಗ ನಾಗಮ್ಮನ ವಿಷಯ. ಆ ಗೂಡಿನ ಪಕ್ಕದ ವಾಡಿ ಎನ್ನುವ ಸಣ್ಣ ಊರಿನವಳು, ಗಂಡ ಇಲ್ಲ, ಓದುವ ಒಬ್ಬಳು ಮಗಳು. ಬಾಯಿ ಜೋರು, ಕೈಯೂ ಜೋರು. ಮರಿಗಳನ್ನು ನೋಡಿಕೊಳ್ಳಲು ರಾವಸಾಹೇಬರು ಅವಳನ್ನು ಇಟ್ಟುಕೊಂಡಿದ್ದರು. ಎಣ್ಣೆಯ ಹಳೇ ತಗಡಿನ ಡಬ್ಬಿಯೊಂದನ್ನು ಕಟ್ಟಿಗೆಯಿಂದ ಟಣ ಟಣ ಬಡಿದು "ಬರ್ರಿ ನನ ಮಕ್ಳ್ಯಾ, ಉಣ್ಣಾಕ ಬರ್ರಿ" ಎಂದು ಕೂಗಿ ಜೋಳದ ನುಚ್ಚು ಚೆಲ್ಲುತ್ತಿದ್ದಳು. ಹುತ್ತ ಕೆದರಿ ಗೆದ್ದಲು ತಂದು ಹಾಕುತ್ತಿದ್ದಳು. ಒಂದು ಹುಂಜಕ್ಕೆ ಎಡಗಾಲಿನ ಬೆರಳು ಸೊಟ್ಟ. ಅದಕ್ಕೆ ಕುಂಟ್ಯಾ ಎಂದು ಹೆಸರಿಟ್ಟು, ಅದು ಹಿಂದುಳಿದರೆ ಅದರ ಪಾಲನ್ನು ಬೇರೆಯಾಗಿ ಹಾಕುತ್ತಿದ್ದಳು. ಹಕ್ಕಿಗಳು ಅವಳ ಡಬ್ಬಿಯ ಸಪ್ಪಳದಲ್ಲೇ ಬೆಳೆದವು.

ಹಿಂಗಾರಿ ಜೋಳ ಹಾಲುಗಾಳಿಗೆ ಬಂದ ಹೊತ್ತಿಗೆ ರಾವಸಾಹೇಬರು ಶಿಕಾರಿಯ ದಿನ ಗೊತ್ತು ಮಾಡಿದರು. ಹಿಂದಿನ ದಿನವೇ ಹಕ್ಕಿಗಳನ್ನು ಬಾರಿ ಕಂಟಿ, ಜಾಲಿ ಕಂಟಿಯ ಪೊದೆಗಳೊಳಗೆ ಬಿಟ್ಟಾಗಿತ್ತು. ಹೈದರಾಬಾದಿನಿಂದ ಕಾರುಗಳಲ್ಲಿ ಅತಿಥಿಗಳು ಇಳಿದರು. ಮೊಳಕಾಲಿನವರೆಗೆ ಬೂಟು, ತಲೆಗೆ ಟೊಪ್ಪಿಗೆ, ಬಗಲಲ್ಲಿ ಬಂದೂಕು. ಒಬ್ಬರಂತೂ ಟೊಪ್ಪಿಗೆಯಲ್ಲಿ ಮೊದಲೇ ಒಂದು ಪುಕ್ಕ ಸಿಗಿಸಿಕೊಂಡು ಬಂದಿದ್ದರು, ಮದುವೆಗೆ ಮುಂಚೆಯೇ ಬಾಸಿಂಗ ಕಟ್ಟಿಕೊಂಡವರಂತೆ. ಸಾಲಾಗಿ ಕುರ್ಚಿ. ಒಂದರಲ್ಲಿ ನಮ್ಮ ರೇಂಜರ್ ಸಾಹೇಬರು, ಕೈಯಲ್ಲಿ ಬಿಸಿಬಿಸಿ ಸೀತನಿಯ, ಅಂದರೆ ಕೆಂಡದಲ್ಲಿ ಸುಟ್ಟ ಎಳೆ ಜೋಳದ, ತಾಟು.

ರಾವಸಾಹೇಬರು ಅಜ್ಜನ ಕಾಲದ ಪದ್ಧತಿಯಂತೆ ಹಾಂಕಾ ಏರ್ಪಡಿಸಿದ್ದರು. ಹಾಂಕಾ ಎಂದರೆ, ಆಳುಗಳು ಕಂಟಿಯ ಸುತ್ತ ಸಾಲಾಗಿ ನಿಂತು ಗದ್ದಲ ಎಬ್ಬಿಸುತ್ತ ಬರುವುದು, ಪ್ರಾಣಿಯೋ ಪಕ್ಷಿಯೋ ಹೆದರಿ ಬಂದೂಕುಗಳ ಕಡೆ ಏಳುವುದು. ಅಜ್ಜನ ಕಾಲದಲ್ಲಿ ಡೋಲು ಹಲಗೆ ಇದ್ದವು. ಮೊಮ್ಮಗ ಆಳುಗಳ ಕೈಗೆ ಕೊಟ್ಟದ್ದು ಎಣ್ಣೆಯ ತಗಡಿನ ಡಬ್ಬಿ!

ನಾಗಮ್ಮ ಅದನ್ನು ಕಂಡವಳೇ ಓಡಿ ಬಂದಳು. "ಮಾಲಕ್ರ, ಡಬ್ಬಿ ಬ್ಯಾಡ್ರಿ, ನನ ಮಾತು ಜರಾ ಕೇಳ್ರಿ..."

"ಹೆಣ್ಮಕ್ಳಿಗೆ ಶಿಕಾರೀದು ಏನು ಗೊತ್ತು? ಸರಿ ಆ ಕಡಿ" ಎಂದು ಅವಳನ್ನು ಬದಿಗೆ ಅಟ್ಟಿದರು. ಸೀಟಿ ಊದಿದರು.

ಟಣ ಟಣ ಟಣ ಟಣ.

ಅತಿಥಿಗಳು ಬಂದೂಕು ಎತ್ತಿ ಆಕಾಶ ನೋಡುತ್ತ ನಿಂತರು. ಆಕಾಶದಲ್ಲಿ ಏನೂ ಇಲ್ಲ. ಕಂಟಿಯೊಳಗೆ ಸರಸರ ಸದ್ದಾಯಿತು. ಆಮೇಲೆ ನೋಡುತ್ತೇನೆ, ವಿಲಾಯತಿ ಕೋಳಿಗಳೆಲ್ಲ ಕತ್ತು ಮುಂದೆ ಚಾಚಿ, ಬಾಲ ಎಳೆಯುತ್ತ, ನಾ ಮುಂದು ತಾ ಮುಂದು ಎಂದು ಓಡಿ ಬರುತ್ತಿವೆ, ಡಬ್ಬಿ ಬಡಿಯುವವರ ಕಡೆಗೆ! ಆಳುಗಳ ಕಾಲು ಸುತ್ತಿದವು. ಅಲ್ಲಿ ಕಾಳಿಲ್ಲ ಎಂದು ಕಂಡು ಕುರ್ಚಿಗಳ ಕಡೆ ನುಗ್ಗಿದವು. ಒಂದು ಹೇಂಟೆ ಪುಕ್ಕದ ಟೊಪ್ಪಿಗೆಯವರ ಬೂಟಿನ ಲಾಡಿಯನ್ನು ಎರೆಹುಳು ಎಂದು ಎಳೆಯತೊಡಗಿತು. ಕುಂಟ್ಯಾ ಎಲ್ಲಕ್ಕಿಂತ ಹಿಂದೆ ಬಂದು ನೇರವಾಗಿ ರೇಂಜರ್ ಸಾಹೇಬರ ತಾಟಿಗೆ ಕುತ್ತಿಗೆ ಹಾಕಿತು. ಸೀತನಿಯ ರುಚಿ ಅದಕ್ಕೂ ಗೊತ್ತಾಯಿತು.

ಆಳುಗಳು ಡಬ್ಬಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ಕೂತರು. ನಾನು ಯೂನಿಫಾರ್ಮಿನಲ್ಲಿದ್ದೆ, ನಗಬಾರದಿತ್ತು. ನಕ್ಕೆ.

"ಹೊಡೀರಿ! ಹೊಡೀರಿ!" ಎಂದು ರಾವಸಾಹೇಬರು ಕೂಗುತ್ತಿದ್ದರು. ಎಲ್ಲಿಗೆ ಹೊಡೆಯುವುದು, ತಮ್ಮ ಕಾಲಿಗೇ? ಅಷ್ಟರಲ್ಲಿ ಈ ಗದ್ದಲಕ್ಕೆ ನಮ್ಮೂರಿನದೇ ಒಂದು ಕೌಜುಗ ಕಂಟಿಯ ಅಂಚಿನಿಂದ ಭರ್ರೆಂದು ಎದ್ದಿತು. ಹಾರಿದ್ದು ಅದೊಂದೇ. ಬಂದೂಕುಗಳೆಲ್ಲ ಅದರ ಕಡೆ ತಿರುಗಿ ಒಟ್ಟಿಗೆ ಢಂ ಎಂದವು. ಒಂದೂ ತಾಗಲಿಲ್ಲ. ಕೌಜುಗ ಆಚೆಯ ತೊಗರಿಯಲ್ಲಿ ಇಳಿದು ತನ್ನ ಪಾಡಿಗೆ ಓಡಿಹೋಯಿತು.

ನಾನು ರೇಂಜರ್ ಸಾಹೇಬರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಸರ್, ಈಗ ಗುರಿ ಇಟ್ಟಿದ್ದು ಸಾಕಿದ ಕೋಳಿಗಲ್ಲರಿ. ಕೌಜುಗ ಕಾಯ್ದೇದಾಗ ಅದ. ತಾಗದಿದ್ರೂ ಬೇಟೆನೇ."

"ನಾನು ನೋಡಲಿಲ್ಲಪ್ಪ" ಎಂದರು ಸಾಹೇಬರು. ಅವರ ಕಣ್ಣು ತಾಟಿನಲ್ಲಿತ್ತು.

ಅತಿಥಿಗಳು ನಕ್ಕರು, ಸೀತನಿ ತಿಂದರು, ಕಾರು ಹತ್ತಿ ಹೋದರು. ಹೋಗುವಾಗ ಒಬ್ಬರು "ಶಿಕಾರ್ ನಹೀಂ, ದಾವತ್ ಥೀ" ಎಂದು ರಾವಸಾಹೇಬರ ಬೆನ್ನು ಚಪ್ಪರಿಸಿದರು. ಶಿಕಾರಿಯಲ್ಲ, ಔತಣ. ಔತಣವೇ ಹೌದು, ಆದರೆ ಉಣ್ಣಲಿಕ್ಕೆ ಬಂದದ್ದು ಕೋಳಿಗಳು. ಮಂಠಾಳದ ಸಂತೆಯಲ್ಲಿ ಆ ವಾರ ಬೇರೆ ಮಾತೇ ಇರಲಿಲ್ಲ. ಡಬ್ಬಿ ಮಾರುವವನ ಮುಂದೆ ನಿಂತು "ಇದಕ್ಕ ಕೋಳಿ ಬರ್ತಾವೇನೋ?" ಎಂದು ಜನ ಕೇಳಿ ಕೇಳಿ ಅವನ ತಲೆ ಕೆಡಿಸಿದರು.

ದೊಡ್ಡವರ ಮಾನ ಹೋದರೆ ಸಣ್ಣವರ ಅನ್ನ ಹೋಗಬೇಕು, ಇದು ಹಳೇ ರಿವಾಜು. "ನೀನೇ ಹಕ್ಕಿ ಕೆಡಿಸಿದಿ" ಎಂದು ನಾಗಮ್ಮನನ್ನು ಬಿಡಿಸಿದರು. ಸಿಟ್ಟಿನಲ್ಲಿ ಗೂಡನ್ನೂ ಕೀಳಿಸಿದರು, ಹಕ್ಕಿಗಳನ್ನು ದಿಕ್ಕಾಪಾಲು ಮಾಡಿದರು. ನರಿ ತಿಂದದ್ದು ತಿಂದಿತು, ನಾಯಿ ತಿಂದದ್ದು ತಿಂದಿತು. ಪಾಪ, ಮರ ಹತ್ತಿ ಮಲಗಬೇಕು ಎನ್ನುವುದನ್ನು ಕೂಡ ಅವಕ್ಕೆ ಯಾರೂ ಕಲಿಸಿರಲಿಲ್ಲ. ನಮ್ಮ ಹಕ್ಕಿಗಳಂತೆ ಅವು ಈ ನೆಲದಲ್ಲಿ ಹುಟ್ಟಿದವಲ್ಲ. ಕೇಳದೇ ತಂದರು, ಹೇಳದೇ ಬಿಟ್ಟರು.

ನಾಗಮ್ಮನ ಅದೃಷ್ಟಕ್ಕೆ ನಮ್ಮ ಕಡೆಯ ಶಾಲೆಗಳಲ್ಲಿ ಆಗ ಬಿಸಿಯೂಟ ಸುರುವಾಯಿತು. ವಾಡಿಯ ಶಾಲೆಗೆ ಅಡುಗೆಯವಳಾಗಿ ಅವಳನ್ನೇ ಆರಿಸಿದರು. ಮಧ್ಯಾಹ್ನ ಅನ್ನ ಸಾರು ಆದ ಮೇಲೆ ಮಕ್ಕಳನ್ನು ಕರೆಯಬೇಕಲ್ಲ? ಶಾಲೆಯ ಗಂಟೆ ಒಡೆದು ಎಷ್ಟೋ ವರ್ಷವಾಗಿತ್ತು. ಕೈಗೆ ರೂಢಿಯಾಗಿದ್ದ ಡಬ್ಬಿಯನ್ನೇ ಎತ್ತಿಕೊಂಡಳು. ಟಣ ಟಣ ಟಣ, "ಬರ್ರಿ ನನ ಮಕ್ಳ್ಯಾ, ಉಣ್ಣಾಕ ಬರ್ರಿ."

ಮಕ್ಕಳು ತಾಟು ಹಿಡಿದು ಬಂದರು. ಅವರ ಹಿಂದೆ ಕಬ್ಬಿನ ಹೊಲದಿಂದ ಬದುಕಿ ಉಳಿದ ವಿಲಾಯತಿ ಕೋಳಿಗಳೂ ಬಂದವು! ಎಲ್ಲಕ್ಕಿಂತ ಹಿಂದೆ ಕುಂಟ್ಯಾ. ನಾನೇ ಹೋಗಿ ಕಣ್ಣಾರೆ ನೋಡಿದೆ. ಮಕ್ಕಳ ಸಾಲು ಒಂದು ಕಡೆ, ಇವುಗಳ ಸಾಲು ಇನ್ನೊಂದು ಕಡೆ. ನೆಲಕ್ಕೆ ಬಿದ್ದ ಅನ್ನದ ಅಗುಳನ್ನು ಮೇಯ್ದು, ಮುಸುರೆ ನೀರು ಕುಡಿದು, ಮತ್ತೆ ಕಬ್ಬಿನೊಳಗೆ ಹೋಗುತ್ತಿದ್ದವು. "ಗಾರ್ಡಣ್ಣ, ಇವೂ ನಮ್ ಶಾಲೀ ಹುಡುಗ್ರೇ ನೋಡು. ಹಾಜರಿ ಹಾಕೂದು ಒಂದ ಬಾಕಿ" ಎಂದಳು ನಾಗಮ್ಮ. ನಾಯಿ ಹಿಡಿದು ಬಿಟ್ಟ ಒಂದರ ಪುಕ್ಕಗಳನ್ನು ಮಕ್ಕಳು ಆರಿಸಿ ಪಾಟಿಚೀಲದಲ್ಲಿ ಇಟ್ಟುಕೊಂಡಿದ್ದರು. ಈ ಪುಕ್ಕವೇ ಮುಂದೆ ಕುತ್ತಾಯಿತು.

ಮರುವರ್ಷ ಸೀತನಿಯ ಕಾಲ ಬಂದಾಗ ರಾವಸಾಹೇಬರ ಚಟ ಮತ್ತೆ ಎದ್ದಿತು. ಈ ಸಲ ಅತಿಥಿಗಳಿಗೆ ಏನು ಹೇಳಿದ್ದರು ಗೊತ್ತೇ? ಹಕ್ಕಿಗಳು ಈಗ ಪೂರಾ ಕಾಡುಹಕ್ಕಿಗಳಾಗಿವೆ, ನಮ್ಮ ಸೀಮೆಯಲ್ಲೇ ನೆಲೆಸಿವೆ, ಬನ್ನಿ ಎಂದು! ಅತಿಥಿಗಳು ಬರುತ್ತೇವೆ ಎಂದರು. ಆಳುಗಳು ಕಬ್ಬಿನಲ್ಲಿ ಹುಡುಕಿದರೆ ಹಕ್ಕಿ ಸಿಗದು. ಅವು ಎಲ್ಲಿ ಬರುತ್ತವೆ ಎನ್ನುವುದು ಊರಿಗೆಲ್ಲ ಗೊತ್ತಿತ್ತು. ಶಾಲೆಯಲ್ಲಿ ಬಂದೂಕು ಹಾರಿಸುವಷ್ಟು ಹುಚ್ಚು ಅವರಿಗೂ ಇರಲಿಲ್ಲ. ಅದಕ್ಕೆ ನಾಗಮ್ಮನಿಗೆ ಹೇಳಿಕಳಿಸಿದರು: ಶಿಕಾರಿಯ ದಿನ ಹೊಲಕ್ಕೆ ಬಂದು ಡಬ್ಬಿ ಬಡಿ. ಹಕ್ಕಿ ಬಯಲಿಗೆ ಬಂದ ಮೇಲೆ ನಾಯಿ ಬಿಟ್ಟು ಹಾರಿಸುತ್ತೇವೆ. ಹಿಂದಿನದನ್ನೆಲ್ಲ ಮರೆಯುತ್ತೇವೆ.

ನಾಗಮ್ಮ ಒಲ್ಲೆ ಎಂದಳು.

ಮರುದಿನವೇ ನಮ್ಮ ಆಫೀಸಿಗೆ ದೂರು ಬಂತು. ನಾಗಮ್ಮ ಎಂಬಾಕೆ ಕಾಡುಹಕ್ಕಿಗಳನ್ನು ಕೊಂದು ತಿಂದಿದ್ದಾಳೆ, ಶಾಲೆಯ ಮಕ್ಕಳ ಚೀಲದಲ್ಲಿ ಪುಕ್ಕಗಳಿವೆ, ವನ್ಯಜೀವಿ ಕಾಯ್ದೆಯ ಕೆಳಗೆ ಕೇಸು ಹಾಕಬೇಕು. ಓದಿ ನನಗೆ ನಗಬೇಕೋ ಉಗುಳಬೇಕೋ ತಿಳಿಯಲಿಲ್ಲ. ರಾವಸಾಹೇಬರು ಹೊಡೆದರೆ ಸಾಕಿದ ಕೋಳಿ, ನಾಗಮ್ಮ ಮುಟ್ಟಿದರೆ ಕಾಡುಹಕ್ಕಿ! ಒಂದೇ ಹಕ್ಕಿ, ಬಂದೂಕು ಹಿಡಿದವನ ಮುಖ ನೋಡಿ ಜಾತಿ ಬದಲಿಸುತ್ತದೆ.

ಆದರೆ ನಾಗಮ್ಮನಿಗೆ ಅದು ನಗುವ ಮಾತಾಗಿರಲಿಲ್ಲ. "ಕೇಸ್ ಆತಂದ್ರ ಅಡಗಿ ಕೆಲಸ ಉಳ್ಯಾಂಗಿಲ್ಲ ನಾಗಮ್ಮ, ನನ್ನ ಕೈಯಾಗ ಏನೂ ಇಲ್ಲ" ಎಂದು ಹೆಡ್‌ಮಾಸ್ತರರು ಮೊದಲೇ ಹೇಳಿಬಿಟ್ಟಿದ್ದರು. ಆ ಕೆಲಸ ಹೋದರೆ ಮಗಳ ಓದು ಹೋಗುತ್ತಿತ್ತು, ತಾಯಿ ಮಗಳು ಇಬ್ಬರೂ ಅದೇ ರಾವಸಾಹೇಬರ ಕಬ್ಬಿನ ಸಾಲಿಗೆ ಹೋಗಬೇಕಾಗುತ್ತಿತ್ತು. ಅದು ರಾವಸಾಹೇಬರಿಗೂ ಗೊತ್ತಿತ್ತು.

ರೇಂಜರ್ ಸಾಹೇಬರು ನನ್ನನ್ನು ಜೀಪಿನಲ್ಲಿ ಹಾಕಿಕೊಂಡು ವಾಡಿಯ ಶಾಲೆಗೆ ಹೋದರು. ಊಟದ ಹೊತ್ತು. ರಾವಸಾಹೇಬರು ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಮಕ್ಕಳು ತಾಟು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಟ್ಟೆಯ ಮೇಲೆ ಡಬ್ಬಿ, ಅದರ ಮೇಲೆ ಕಟ್ಟಿಗೆ.

"ನೋಡಮ್ಮ," ಎಂದರು ರೇಂಜರ್ ಸಾಹೇಬರು, "ಕೇಸಾದರೆ ನಿನಗೇ ತೊಂದರೆ. ಒಂದು ದಿನ ಹೋಗಿ ಡಬ್ಬಿ ಬಡಿದು ಬಾ. ದೂರು ವಾಪಸ್ ತಗೋತಾರೆ. ನಿನ್ನ ಗಂಟೇನು ಹೋಗುತ್ತೆ?"

"ಹೂಂ ಅನ್ನು ನಾಗಮ್ಮ. ನಾನೂ ಮನಶ್ಯಾನೇ ಇದೀನಿ" ಎಂದರು ರಾವಸಾಹೇಬರು.

ನಾಗಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. ಜೋರುಬಾಯಿಯ ಹೆಂಗಸು, ಅವತ್ತು ದನಿ ಏರಿಸಲಿಲ್ಲ.

"ನೀವು ಹೇಳ್ದಾಂಗ ಬಡದ್ರ ಅವು ಬರ್ತಾವ್ರಿ. ಓಡಿ ಬರ್ತಾವ. ನಾ ಕರದೀನಂತ ಬರ್ತಾವ. ಉಣ್ಣಾಕ ಬಾ ಅಂತ ಬಡಿಯೋ ಡಬ್ಬಿ ಅದ ರೀ ಇದು. ಇದ ಸಪ್ಪಳಕ್ಕ ಈ ಕೂಸುಗಳೂ ಬರ್ತಾವ. ಉಣ್ಣಾಕ ಕರದು ಕೊಂದ್ರ, ನಾಳಿ ಇವ್ರನ್ನ ಯಾವ ಬಾಯೀಲೆ ಉಣ್ಣಾಕ ಕರೀಲಿ ನಾನು?"

ಮನೆಗೆ ಬಂದವರನ್ನು ಉಣ್ಣದೇ ಕಳಿಸದ ಸೀಮೆ ನಮ್ಮದು, ಕಲ್ಯಾಣದ ಸೀಮೆ. ಇಷ್ಟು ಸಾದಾ ಮಾತು ಆ ಇಬ್ಬರಿಗೆ ತಿಳಿಯಲಿಲ್ಲ.

"ಬಹಳ ಮಾತಾಯ್ತು. ಕೇಸು ಬರೀರಿ" ಎಂದರು ರೇಂಜರ್ ಸಾಹೇಬರು ನನ್ನ ಕಡೆ ತಿರುಗಿ.

"ಬರೀತೀನಿ ಸರ್" ಎಂದೆ. "ಎರಡೂ ಬರೀತೀನಿ."

"ಎರಡು ಯಾವುದ್ರೀ?"

"ಈ ಹಕ್ಕಿ ಸಾಕಿದ ಕೋಳಿ ಅಂದ್ರ, ಕೋಳಿ ಕಳವು ನಮ್ಮ ಕೆಲಸ ಅಲ್ಲರಿ. ರಾವಸಾಹೇಬ್ರು ಪೊಲೀಸ್ ಸ್ಟೇಶನ್‌ಕ ಹೋಗ್ಲಿ. ನಮ್ ಕೋಳಿ ಶಾಲಿಗೆ ಉಣ್ಣಾಕ ಹೋಗಾಕತ್ತಾವ, ಹಿಡದು ಕೊಡ್ರಿ ಅಂತ ಅಲ್ಲಿ ಹೇಳ್ಲಿ. ಕಾಡುಹಕ್ಕಿ ಅಂದ್ರ, ಹೋದ ವರ್ಷ ಬಂದೂಕು ಹಿಡದು ನಿಂತವ್ರು ಮೊದಲಿನ ಆರೋಪಿ. ಅವತ್ತ ಕೌಜುಗಕ್ಕ ಗುಂಡು ಹಾರಿಸಿದ್ದೂ ಅದರಾಗ ಬರ್ತದ. ಊರು ತುಂಬ ಸಾಕ್ಷಿ ಅದಾವ್ರಿ. ಮೊದಲನೇ ಸಾಕ್ಷಿ ನೀವೇ ಸರ್, ಮುಂದಿನ ಕುರ್ಚಿ ನಿಮ್ದೇ ಇತ್ತು."

"ನಾನು ನೋಡಲಿಲ್ಲ ಅಂದಿದ್ದೆನಲ್ಲ!"

"ಏನು ನೋಡಲಿಲ್ಲ ಅನ್ನೂದೂ ಬರೀಬೇಕಾಗ್ತದ್ರಿ."

ಸಾಹೇಬರ ಮುಖದಲ್ಲಿ ಬೆವರು ಇಳಿಯಿತು. ರಾವಸಾಹೇಬರು ನನ್ನನ್ನು ನೋಡಿದರು, ಮಕ್ಕಳನ್ನು ನೋಡಿದರು, ಕೊನೆಗೆ ಡಬ್ಬಿಯನ್ನು ನೋಡಿದರು. ಕೋಳಿ ಎಂದರೆ ಮಂಠಾಳದ ಸಂತೆಯ ನಗು, ಕಾಡುಹಕ್ಕಿ ಎಂದರೆ ಕೋರ್ಟು. ಅವರಿಗೆ ಕೋರ್ಟಿಗಿಂತ ಸಂತೆಯ ಹೆದರಿಕೆ ಹೆಚ್ಚು ಎಂದು ನನ್ನ ಅಂದಾಜು. "ಹುಚ್ಚರ ಸಂತಿ ಇದು" ಎಂದು ಎದ್ದು ಕಾರು ಹತ್ತಿದರು. ದೂರು ಅಲ್ಲಿಗೇ ಸತ್ತಿತು. ಅತಿಥಿಗಳಿಗೆ ಏನು ನೆವ ಹೇಳಿದರೋ, ಆ ವರ್ಷ ಯಾವ ಕಾರೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಮಕ್ಕಳು ಇನ್ನೂ ತಾಟು ಹಿಡಿದೇ ನಿಂತಿದ್ದರು. ನಾಗಮ್ಮ ಡಬ್ಬಿಯನ್ನು ಮುಟ್ಟಲಿಲ್ಲ. ಒಬ್ಬೊಬ್ಬರ ಹತ್ತಿರ ಹೋಗಿ, ಭುಜ ಹಿಡಿದು, "ಬಾ, ಉಣ್ಣು ಬಾ" ಎಂದು ಕರೆತಂದು ಕೂರಿಸಿದಳು. ಮರುದಿನದಿಂದ ಡಬ್ಬಿಯನ್ನು ಒಳಗೆ ಇಟ್ಟುಬಿಟ್ಟಳಂತೆ. ಯಾರಾದರೂ ಕದ್ದು ಬಡಿದು ಹಕ್ಕಿ ಕರೆದಾರು ಎಂಬ ಅಂಜಿಕೆ ಅವಳಿಗೆ.

ನನಗೆ ವರ್ಗವಾಯಿತು, ಘಾಟಬೋರಾಳದ ಕಡೆಗೆ. ರೇಂಜರ್ ಸಾಹೇಬರು ಅದನ್ನು ಕಾಳಾಪಾನಿ ಎಂದುಕೊಂಡಿದ್ದರು. ನಾನು ನೌಕರಿ ಕಲಿತದ್ದೇ ಅಲ್ಲಿ, ಕೂಗುವ ಕೌಜುಗಗಳ ನಡುವೆ. ಅಲ್ಲಿಯ ಮಜ್ಜಿಗೆಯೂ ಚಲೋ. ಈ ಕೆಲಸದಲ್ಲಿ ವರ್ಗಕ್ಕೆ ಹೆದರುವವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ವಿಲಾಯತಿ ಕೋಳಿಗಳು ನಮ್ಮ ಬೇಸಿಗೆಯನ್ನು ತಾಳಲಿಲ್ಲ. ಒಂದೊಂದಾಗಿ ಹೋದವು. ಕೊನೆಗೆ ಉಳಿದದ್ದು ಕುಂಟ್ಯಾ. ಅದೂ ಒಂದು ಮಧ್ಯಾಹ್ನ ಶಾಲೆಯ ನೀರಿನ ತೊಟ್ಟಿಯ ನೆರಳಲ್ಲಿ ಬಾಯಿ ಕಳೆದು ಬಿದ್ದಿತ್ತಂತೆ. ನಾಗಮ್ಮ ನೀರು ಹನಿಸಿ ನೋಡಿದಳಂತೆ, ಉಳಿಯಲಿಲ್ಲ. ಹೂಳಲು ಕುಣಿ ತೋಡುವಾಗ ವಾಡೆಯ ಆಳು ಬಂದು "ಮಾಲಕ್ರು ಕೇಳ್ಯಾರ" ಎಂದು ಸತ್ತ ಹಕ್ಕಿಯನ್ನು ಒಯ್ದನಂತೆ. ಇದೆಲ್ಲ ಅವಳೇ ನನಗೆ ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಹೇಳಿದ್ದು. ಆಗಲೂ ಅವಳು ಶಾಲೆಯ ಅಡುಗೆಯವಳೇ. ಪಕ್ಕದಲ್ಲಿ ಕಾಲೇಜಿನ ಚೀಲ ಹಾಕಿಕೊಂಡ ಮಗಳಿದ್ದಳು.

ನಿವೃತ್ತಿಯಾದ ಮೇಲೆ ಒಂದು ಸಲ ವಾಡೆಗೆ ಹೋಗಬೇಕಾಯಿತು, ಮದುವೆಯ ಕರೆ. ಹಳೆಯ ವೈರವೆಲ್ಲ ಮುಪ್ಪಿನಲ್ಲಿ ಮಾಸಿರುತ್ತದೆ ಎಂದು ಹೋದೆ. ಪಡಸಾಲೆಯ ಗೋಡೆಯಲ್ಲಿ ಅಜ್ಜನ ಕೊಂಬುಗಳ ನಡುವೆ ಗಾಜಿನ ಪೆಟ್ಟಿಗೆ. ಅದರೊಳಗೆ ತಾಮ್ರದ ಮೈಯ ಹುಂಜ, ಹೊಟ್ಟು ತುಂಬಿ, ಗಾಜಿನ ಕಣ್ಣಿಟ್ಟು, ರೆಕ್ಕೆ ಅಗಲಿಸಿ ಆಕಾಶಕ್ಕೆ ಏರುತ್ತಿರುವಂತೆ ನಿಲ್ಲಿಸಿದ್ದರು. ಬೀಗರೆಲ್ಲ ಸುತ್ತ ನೆರೆದಿದ್ದರು.

"ನಮ್ ಹೊಲದಾಗೇ ಹೊಡದಿದ್ದು," ಎನ್ನುತ್ತಿದ್ದರು ರಾವಸಾಹೇಬರು. "ಹಾರೂದ್ರಾಗ. ಒಂದ ಗುಂಡಿಗೆ. ಬೇಕಾದ್ರ ಇವರನ್ನ ಕೇಳ್ರಿ, ಜಂಗಲ್ ಖಾತೆದವ್ರು, ಆಗ ಇಲ್ಲೇ ಇದ್ರು."

ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ. ಎಡಗಾಲಿನ ಬೆರಳು ಸೊಟ್ಟ.

"ಎಲ್ಲಾ ಬರಾಬ್ಬರಿ ಅದ ರಾವಸಾಹೇಬ್ರ," ಎಂದೆ. "ಒಂದ ಕಮ್ಮಿ ಬಿದ್ದದ. ಇದರ ಬಾಜೂಕ ಒಂದು ಎಣ್ಣಿ ಡಬ್ಬಿ ಇಡ್ರಿ."